ಮಂಚ ಬಂದ ಮೇಲೆ ಬಾಗಿಲು ಅಳೆದವರು

ಆ ಊರಿನಲ್ಲಿ ಗಾದೆ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಆದರೆ ಯಾವ ಗಾದೆ ಹೇಗೆ ಹುಟ್ಟಿತು ಎಂದು ಕೇಳಿದರೆ, ಎಲ್ಲರೂ ಅರ್ಧದವರೆಗೆ ಗಡಗಡ ಹೇಳಿ, ಆಮೇಲೆ ಬಾಯಿ ತೆರೆದುಕೊಂಡು ನಿಂತುಬಿಡುತ್ತಿದ್ದರು. ಇದಕ್ಕೆಲ್ಲ ಕಾರಣ ಕೀಲಣ್ಣ.

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಅವನಿಗೂ ಎರಡು ಸಲ ಯೋಚಿಸಿದರೆ ಮಾತ್ರ ನೆನಪಾಗುತ್ತಿತ್ತು. ಉಳುಕು ತೆಗೆಯುವುದು, ಜಾರಿದ ಕೀಲನ್ನು ಮತ್ತೆ ಕೂರಿಸುವುದು ಅವನ ಕಸುಬು. ಊರಿನಲ್ಲಿ ಎರಡು ಕಾಲಿನ ಮೇಲೆ ನಡೆಯುವವರಲ್ಲಿ ಅರ್ಧ ಜನರ ಪಾದವನ್ನು ಅವನೇ ಒಮ್ಮೆ ಬಿಚ್ಚಿ ಜೋಡಿಸಿದ್ದ ಎಂದು ಜನ ಹೇಳುತ್ತಿದ್ದರು. ಉಳಿದರ್ಧ ಜನ ಇನ್ನೂ ಎಡವಿರಲಿಲ್ಲ, ಅಷ್ಟೆ.

ಕೆಲಸ ಕಲಿಸಿದವಳು ಅವನ ಸೋದರತ್ತೆ. ಗಿಡ್ಡ ಹೆಂಗಸು, ಹಿಡಿತ ಮಾತ್ರ ಮೊಸಳೆಯದು. ಅವಳು ಕೈ ಕುಲುಕಿದರೆ ಚೆನ್ನಾಗಿದ್ದವರಿಗೂ ಚಿಕಿತ್ಸೆ ಬೇಕಾಗುತ್ತಿತ್ತಂತೆ. ಅವಳು ಹೇಳಿಕೊಟ್ಟ ಪಾಠ ಒಂದೇ: "ನೋಡೋ, ಮೈ ಅನ್ನೋದು ಗೇಟಿನ ಹತ್ತಿರ ಕೂತಿರೋ ಕಾವಲುಗಾರ ಇದ್ದ ಹಾಗೆ. ನೀನು ಎಳೀತೀಯ ಅಂತ ಗೊತ್ತಾದ್ರೆ ಬಿಗಿಯಾಗಿ ಹಿಡ್ಕೊಳ್ಳುತ್ತೆ. ಅವನನ್ನ ಮಾತಿಗೆ ಎಳಿ. ಮಾತಲ್ಲಿ ಮರೆತಾಗ ಮೆಲ್ಲಗೆ ಒಳಗೆ ಹೋಗು."

ಮಾತಿಗೆ ಎಳೆಯಲು ಅತ್ತೆಗೆ ಅಕ್ಕಪಕ್ಕದ ಮನೆಗಳ ಸುದ್ದಿ ಸಾಕಾಗುತ್ತಿತ್ತು. ಕೀಲಣ್ಣ ಗಂಡಸು, ಅಷ್ಟು ಸುದ್ದಿ ಅವನಿಗೆ ಸಿಗುತ್ತಿರಲಿಲ್ಲ. ಆದ್ದರಿಂದ ಅವನು ಗಾದೆಗಳನ್ನು ಹಿಡಿದುಕೊಂಡ. ಬೆಂಚಿನ ಮೇಲೆ ನರಳುತ್ತ ಕೂತವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಎಣ್ಣೆ ಸವರುತ್ತ, ಏನೋ ಈಗ ತಾನೇ ನೆನಪಾಯಿತು ಎನ್ನುವ ಹಾಗೆ ಶುರುಮಾಡುತ್ತಿದ್ದ.

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಅಂತಾರಲ್ಲ, ಅದು ಹೇಗೆ ಬಂತು ಗೊತ್ತಾ ನಿಮಗೆ?"

"ಇಲ್ಲ. ಅಯ್ಯೋ, ಮೆಲ್ಲಗೆ!"

"ಒಂದೂರಲ್ಲಿ ಅಣ್ಣ ತಮ್ಮ ಇದ್ರು. ಮನೆ ಪಾಲಾಯ್ತು. ಪಾತ್ರೆ ಪಾಲಾಯ್ತು. ಹಳೇ ಪೊರಕೇನ ಕಡ್ಡಿ ಎಣಿಸಿ ಹಂಚಿಕೊಂಡ್ರು. ಉಳಿದದ್ದು ಒಂದೇ ದೀಪ. ಸರಿ, ನಡುವೆ ಗೋಡೆ ಕಟ್ಟಿ ಅದರ ಮೇಲಿಟ್ರು. ಎಣ್ಣೆ ಯಾರು ಹಾಕಬೇಕು? ಬತ್ತಿ ನಂದು ಅಂದ ಅಣ್ಣ. ಉರಿ ನಂದು ಅಂದ ತಮ್ಮ. ಒಂದಿನ ದೀಪ ತಾನಾಗೇ ಜೋರಾಗಿ ಉರಿಯೋಕೆ ಶುರುವಾಯ್ತು. ಯಾರು ಎಣ್ಣೆ ಹಾಕ್ತಿದ್ದಾರೆ? ಅಣ್ಣ ಮೆಲ್ಲಗೆ ಎದ್ದು, ಏಣಿ ಹಾಕಿ, ಗೋಡೆ ಹತ್ತಿ ಆ ಕಡೆ ಬಗ್ಗಿ ನೋಡ್ತಾನೆ, ಅಲ್ಲಿ..."

ಲೊಟಕ್!

"ಆಯ್ತು, ಎದ್ದು ನಡೀರಿ."

"ಅಲ್ಲಿ ಏನಿತ್ತು?"

"ಬಿಸಿನೀರಿನ ಶಾಖ ಕೊಡಿ. ಭಾರ ಹಾಕಬೇಡಿ. ಮುಂದಿನವರು ಬನ್ನಿ."

ದಿನಸಿ ಅಂಗಡಿಯವನು ಎಡಗಾಲು ಉಳುಕಿಸಿಕೊಂಡು ಬಂದಾಗ ಒಂದು ಗಾದೆಯ ಅರ್ಧ ಕೇಳಿದ್ದ. ಉಳಿದರ್ಧ ಕೇಳಬೇಕೆಂದೇ ಬಲಗಾಲನ್ನೂ ಉಳುಕಿಸಿಕೊಂಡು ಬಂದ ಎಂಬುದು ಊರಿನ ಅನುಮಾನ. ಬಂದರೆ ಕೀಲಣ್ಣ ಬೇರೆಯೇ ಗಾದೆ ಎತ್ತಿಕೊಂಡ. ಪಾಪ, ಆ ಮನುಷ್ಯನ ಬಳಿ ಈಗ ಎರಡು ಅರ್ಧಗಳಿದ್ದವು, ಕೂಡಿಸಿದರೆ ಒಂದಾಗುತ್ತಿರಲಿಲ್ಲ.

ಎಷ್ಟು ಬೇಡಿದರೂ ಕೊನೆಯನ್ನು ಕೀಲಣ್ಣ ಯಾರಿಗೂ ಹೇಳುತ್ತಿರಲಿಲ್ಲ. ಹೊಟ್ಟೆಯಲ್ಲಿಟ್ಟುಕೊಂಡು ಆಟ ಆಡಿಸುತ್ತಾನೆ ಎಂದು ಜನ ಗೊಣಗುತ್ತಿದ್ದರು. ನಿಜ ಏನೆಂದರೆ, ಅವನ ಹೊಟ್ಟೆಯಲ್ಲೂ ಕೊನೆ ಇರಲಿಲ್ಲ. ಕತೆ ಕೊನೆ ಮುಟ್ಟುವ ಮೊದಲೇ ಕೀಲು ಕೂತುಬಿಡುತ್ತಿತ್ತು. ಬೇಕಿಲ್ಲದ ಮೆಟ್ಟಿಲನ್ನು ಯಾರು ಕಟ್ಟುತ್ತಾರೆ?

ಕಸುಬಿನಲ್ಲಿ ಅವನು ಹಾಕಿಕೊಂಡ ಗೆರೆ ಒಂದಿತ್ತು: ಮುರಿದಿದ್ದರೆ ಆಸ್ಪತ್ರೆ, ಜಾರಿದ್ದರೆ ನಾನು. ಮುಟ್ಟಿ ನೋಡಿ ಮುರಿದಿದೆ ಅನಿಸಿದರೆ, ರೋಗಿ ಕಾಲಿಗೆ ಬಿದ್ದರೂ ಕೈ ಹಾಕುತ್ತಿರಲಿಲ್ಲ. ತಾನೇ ಗಾಡಿ ಹತ್ತಿಸಿ ಕಳಿಸುತ್ತಿದ್ದ.

ಮನೆಯ ಮುಂದಿನ ಕೋಣೆಯನ್ನು ಹಲಗೆಯ ಅಡ್ಡಮರೆ ಎರಡು ಭಾಗ ಮಾಡಿತ್ತು. ಒಂದು ಕಡೆ ಕೀಲಣ್ಣನ ಬೆಂಚು, ಎಣ್ಣೆ ಸೀಸೆ, ಪಟ್ಟಿ ಬಟ್ಟೆ. ಇನ್ನೊಂದು ಕಡೆ ಅವನ ಹೆಂಡತಿಯ ಇಸ್ತ್ರಿ ಅಂಗಡಿ. ಊರು ಅವಳನ್ನು ಇಸ್ತ್ರಿ ಅಕ್ಕ ಎನ್ನುತ್ತಿತ್ತು. ಅವಳ ಇಸ್ತ್ರಿಪೆಟ್ಟಿಗೆ ಎಷ್ಟು ಭಾರವೆಂದರೆ, ಒಮ್ಮೆ ಕಳ್ಳನೊಬ್ಬ ಕದ್ದು ಬೀದಿಯ ತಿರುವಿನವರೆಗೂ ಹೊರಲಾರದೆ ಅಲ್ಲೇ ಬಿಟ್ಟು, ಮರುದಿನ ಹೆಗಲು ಹಿಡಿದುಕೊಂಡು ಕೀಲಣ್ಣನ ಬೆಂಚಿಗೇ ಬಂದನಂತೆ. ಅದನ್ನು ಅವಳು ಬಲಗೈಯೊಂದರಲ್ಲೇ ಬೆಳಗಿನಿಂದ ಸಂಜೆಯವರೆಗೆ ಆಡಿಸುತ್ತಿದ್ದಳು. ಆ ಕೈ ಅವಳ ಅನ್ನ. ಅದಕ್ಕಿಂತ ಹೆಚ್ಚಾಗಿ ಆ ಕೈ ಅವಳ ಜಂಬ.

ಒಂದು ಬೆಳಿಗ್ಗೆ ಅಡ್ಡಮರೆಯ ಆ ಕಡೆಯಿಂದ ದಡಾರ್ ಎಂದು ಸದ್ದಾಯಿತು. ಕೀಲಣ್ಣ ಓಡಿದ. ಮೇಜಿಗೆ ಹಾಸುವ ಕಂಬಳಿ ತೆಗೆಯಲೆಂದು ಅವಳು ಸ್ಟೂಲು ಹತ್ತಿ ಅಟ್ಟಕ್ಕೆ ಕೈ ಚಾಚಿದ್ದಳು. ಸ್ಟೂಲಿನ ಕಾಲು ಕಳಚಿತ್ತು. ಊರವರ ಕೀಲೆಲ್ಲ ಗಟ್ಟಿಮಾಡುವ ಮಹಾರಾಯ ಆ ಸ್ಟೂಲಿನ ಕೀಲಿಗೆ ಒಂದು ಮೊಳೆ ಹೊಡೆಯಲು ಒಂದು ವರ್ಷದಿಂದ "ನಾಳೆ" ಎನ್ನುತ್ತಿದ್ದ. ಇಸ್ತ್ರಿ ಅಕ್ಕ ನೆಲದ ಮೇಲೆ ಕೂತಿದ್ದಳು. ಬಲಹೆಗಲಿನ ಗುಂಡು ಇರಬೇಕಾದ ಜಾಗದಲ್ಲಿ ಹಳ್ಳ ಬಿದ್ದಿತ್ತು.

ಕೀಲಣ್ಣ ಮುಟ್ಟಿ ನೋಡಿದ. ಎಲುಬಿನ ಉದ್ದಕ್ಕೂ ಬೆರಳಾಡಿಸಿದ. "ಬೆರಳು ಮಡಚು. ಬಿಡಿಸು. ಇಲ್ಲಿ ಮುಟ್ಟಿದ್ರೆ ಗೊತ್ತಾಗುತ್ತಾ?"

"ಗೊತ್ತಾಗುತ್ತೆ. ಮುರಿದಿದೆಯಾ?"

"ಇಲ್ಲ. ಜಾರಿದೆ."

"ಹಾಗಾದ್ರೆ ಕೂರಿಸಿ."

ಅಷ್ಟರಲ್ಲಿ ಪಕ್ಕದ ಅಂಗಡಿಯಿಂದ ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನೂ ತೆಗೆಯದೆ ಬಂದ. ಹಿಂದೊಮ್ಮೆ ಭಾವಮೈದುನನ ಬುದ್ಧಿಮಾತು ಕೇಳುತ್ತ ಆಕಳಿಸಿ ದವಡೆ ಜಾರಿಸಿಕೊಂಡಿದ್ದವನು ಇವನು. ದವಡೆ ಕೂರಿಸಿದ ಋಣಕ್ಕೆ ಅಂದಿನಿಂದ ಈ ಮನೆಯ ಗಡಿಯಾರಗಳನ್ನೆಲ್ಲ ಪುಕ್ಕಟೆ ರಿಪೇರಿ ಮಾಡುತ್ತಿದ್ದ. ಆ ಮನೆಯಲ್ಲಿ ಇದ್ದದ್ದು ಒಂದೇ ಗಡಿಯಾರ. ಇಬ್ಬರೂ ಸೇರಿ ಅವಳನ್ನು ಬೆಂಚಿನ ಮೇಲೆ ಮಲಗಿಸಿದರು.

ಕೀಲಣ್ಣ ಅವಳ ಮೊಣಕೈ ಹಿಡಿದ. ಹಿಡಿದವನು ಬಿಟ್ಟ. ತನ್ನ ಅಂಗೈಗಳನ್ನು ನೋಡಿಕೊಂಡ. ಬಟ್ಟೆಗೆ ಒರೆಸಿಕೊಂಡ.

"ಆಸ್ಪತ್ರೆಗೆ ಹೋಗೋಣ ಕಣೇ. ಗಾಡಿ ತರಿಸ್ತೀನಿ."

"ಯಾಕೆ? ಮುರಿದಿಲ್ಲ ಅಂದ್ರಿ."

"ಮುರಿದಿಲ್ಲ. ಆದ್ರೂ..."

"ಊರಿಗೆಲ್ಲ ಕೂರಿಸ್ತೀರಿ, ನನ್ನದು ಮಾತ್ರ ಆಸ್ಪತ್ರೆಗಾ? ಹಿತ್ತಲ ಗಿಡ ಮದ್ದಲ್ಲ ಅನ್ನೋದು ಕೇಳಿದ್ದೆ. ಮದ್ದು ಕೊಡೋನೇ ಹಿತ್ತಲಿಗೆ ಓಡೋದು ಇವತ್ತೇ ನೋಡಿದ್ದು."

ಗಡಿಯಾರದವನು, "ಅಕ್ಕಾ, ಆಸ್ಪತ್ರೆ ತಲುಪೋಕೆ ಮಧ್ಯಾಹ್ನ ಆಗುತ್ತೆ" ಎಂದ. ಅದನ್ನು ಕೀಲಣ್ಣನೂ ಬಲ್ಲ. ಹೊತ್ತು ಹೋದಷ್ಟೂ ಸುತ್ತಲಿನ ಮಾಂಸ ಊದಿ ಬಿಗಿಯುತ್ತದೆ. ಒಂದು ಗಳಿಗೆ ತಡವಾದರೆ ಒಂದು ಪಟ್ಟು ಕಷ್ಟ. ಹಾಗೆಂದು ಈಗಲೇ ಕೈ ಹಾಕಿ, ಅವಳ ಮೈ ಬಿಗಿಯಾಗಿರುವಾಗ ಒಂದು ಕೂದಲೆಳೆ ತಪ್ಪಾಗಿ ಎಳೆದರೆ ಆ ತೋಳು ಇನ್ನೆಂದೂ ಭುಜಕ್ಕಿಂತ ಮೇಲೆ ಏಳದಿರಬಹುದು. ಇಸ್ತ್ರಿಪೆಟ್ಟಿಗೆ ಇರಲಿ, ತಲೆ ಬಾಚಿಕೊಳ್ಳುವುದೂ ಆಗದಿರಬಹುದು. ಬೇರೆಯವರ ಹೆಗಲಾಗಿದ್ದರೆ ಇದು ಅವನಿಗೆ ಗೊತ್ತಿರುವ ಸಂಗತಿ, ಅಷ್ಟೆ. ಇದು ಇವಳ ಹೆಗಲು. ಕೆಡವಿದ್ದು ತನ್ನ ಸ್ಟೂಲು.

"ಸರಿ" ಎಂದು ಉಸಿರೆಳೆದುಕೊಂಡ. ಮೊಣಕೈಯನ್ನು ಮೆಲ್ಲಗೆ ಮಡಚಿ, ಮುಂಗೈ ಹಿಡಿದು, ಗಂಟಲು ಸರಿಮಾಡಿಕೊಂಡ. "ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ಅದು ಹೇಗೆ ಬಂತು ಗೊತ್ತಾ..."

ಆ ಕ್ಷಣವೇ ಅವಳ ತೋಳು ಮರದ ಕೊರಡಾಯಿತು.

"ಸಡಿಲ ಬಿಡೇ!"

"ಹೇಗೆ ಬಿಡ್ಲಿ? ಹೇಗೆ ಬಂತು ಗೊತ್ತಾ ಅಂದ್ರೆ ಎಳೀತೀರಿ ಅಂತ ಅರ್ಥ. ನಲವತ್ತು ವರ್ಷದಿಂದ ಈ ಹಲಗೆ ಆಚೆ ಕೇಳ್ತಾ ಇದ್ದೀನಿ. ನೀವು ಗಾದೆ ಶುರುಮಾಡಿದ್ರೆ ನಾನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಕಿವಿ ಮುಚ್ಕೋತೀನಿ, ಈಗ ಕಿರುಚ್ತಾರೆ ಅಂತ."

ಕೀಲಣ್ಣ ಬೇರೆ ದಾರಿ ಹಿಡಿದ. ಗಾದೆಯ ಹೆಸರನ್ನೇ ಎತ್ತದೆ, "ಒಂದೂರಲ್ಲಿ ಒಬ್ಬ ಕುಂಬಾರ ಇದ್ದ" ಎಂದ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂದಳು ಅವಳು, ಹಲ್ಲು ಕಚ್ಚಿಕೊಂಡು. "ಅವನ ಹೆಂಡತಿ ದೊಣ್ಣೆ ಎತ್ತಿದಾಗ ಎಳೀತೀರಿ. ಮುಂದೆ?"

ಗಡಿಯಾರದವನು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ಕೀಲಣ್ಣನ ಹಣೆಯ ಮೇಲೆ ಬೆವರು ಹನಿಗಟ್ಟಿತು. ತನ್ನ ಜೀವಮಾನದ ವಿದ್ಯೆಯೆಲ್ಲ ಇವಳ ಎದುರು ಸೋರುವ ಕೊಡವಾಗಿತ್ತು.

"ಒಂದು ಕೆಲಸ ಮಾಡಿ" ಎಂದಳು. "ಅಡ್ಡಗೋಡೆ ದೀಪದ್ದು ಹೇಳಿ. ಕೊನೆತನಕ ಹೇಳಿ. ಗೋಡೆ ಆಚೆ ಏನಿತ್ತು ಅಂತ ತಿಳ್ಕೊಳ್ಳೋ ಆಸೆಗೆ ಮೈ ಮರೀತೀನೋ ಏನೋ."

"ಕೊನೆ..." ಎಂದ ಕೀಲಣ್ಣ. "ಕೊನೆ ಇಲ್ಲ ಕಣೇ."

"ಇಲ್ಲ ಅಂದ್ರೆ?"

"ಯಾವುದಕ್ಕೂ ಇಲ್ಲ. ಎಲ್ಲಾ ಅರ್ಧಂಬರ್ಧ ನಾನೇ ಹೊಸೆದದ್ದು."

ಗಡಿಯಾರದವನ ಭೂತಗನ್ನಡಿ ಕಣ್ಣಿನಿಂದ ಜಾರಿ ಕೆಳಗೆ ಬಿತ್ತು. "ಏನಂದ್ರಿ? ಗೋಡೆ ಆಚೆ ಏನೂ ಇಲ್ವಾ? ದವಡೆ ಕೂರಿಸಿದ ದಿನದಿಂದ ನಾನು ಆ ಗೋಡೆ ಮೇಲೇ ನಿಂತಿದ್ದೀನಲ್ಲಯ್ಯಾ! ತಮ್ಮನೇ ಎಣ್ಣೆ ಹಾಕ್ತಿದ್ದ ಅಂತಾಳೆ ನನ್ನ ಹೆಂಡತಿ, ಅಲ್ಲ, ಅಣ್ಣನ ಹೆಂಡತಿ ಅಂತೀನಿ ನಾನು. ಮನೇಲಿ ಎಷ್ಟು ಜಗಳ ಆಗಿದೆ ಗೊತ್ತಾ?"

"ನಿನ್ನ ಜಗಳ ಆಮೇಲೆ ಬಗೆಹರಿಸ್ತೀನಿ, ಸುಮ್ಮನಿರೋ ಮಾರಾಯ" ಎಂದ ಕೀಲಣ್ಣ. ಅವಳ ಮೊಣಕೈ ಹಿಡಿದ ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರುತ್ತಿದ್ದವು. ಇಸ್ತ್ರಿ ಅಕ್ಕ ಆ ಬೆರಳುಗಳನ್ನು ನೋಡಿದಳು. ಅವನ ಮುಖ ನೋಡಿದಳು. ಮತ್ತೆ ಬೆರಳುಗಳನ್ನು ನೋಡಿದಳು.

"ಒಂದು ಮೊಳೆ ಹೊಡೆಯೋದಿತ್ತು" ಎಂದ ಅವನು. "ಒಂದೇ ಒಂದು ಮೊಳೆ. ಈಗ ಅತ್ತು ಏನು ಬಂತು? ಮಂಚ ಬಂದ ಮೇಲೆ ಬಾಗಿಲು ಅಳೆದ್ರಂತೆ."

ಇದು ಕೀಲಣ್ಣನಿಗೆ ಬಲು ಪ್ರಿಯವಾದ ಗಾದೆ. ಕಾಲು ಉಳುಕಿದ ಮೇಲೆ ಒಳ್ಳೆ ಚಪ್ಪಲಿ ಕೊಂಡವರಿಗೆ, ಬಿದ್ದ ಮೇಲೆ ಮೆಟ್ಟಿಲು ಒರೆಸಿದವರಿಗೆ, ಎಲ್ಲರಿಗೂ ಅದನ್ನೇ ಎಸೆಯುತ್ತಿದ್ದ. ಊರಿನಲ್ಲಿ ಎಲ್ಲರ ಬಾಯಲ್ಲೂ ಅದು ಇತ್ತು.

"ಆ ಗಾದೆ ಎಲ್ಲಿಂದ ಬಂತು ಗೊತ್ತಾ ನಿಮಗೆ?" ಎಂದಳು ಇಸ್ತ್ರಿ ಅಕ್ಕ.

ಅಷ್ಟು ಸಂಕಟದಲ್ಲೂ ಕೀಲಣ್ಣನ ಹುಬ್ಬು ಏರಿತು. ಮೀನಿಗೆ ಈಜು ಕಲಿಸಲು ಬಂದವರನ್ನು ನೋಡುವ ಹಾಗೆ ನೋಡಿದ. "ನನ್ನನ್ನ ಕೇಳ್ತೀಯಾ? ಅದು ಸಾವಿರ ವರ್ಷದ ಹಳೇ ಗಾದೆ. ಒಬ್ಬ ರಾಜ ಇದ್ದ. ಅರಮನೆಗಿಂತ ದೊಡ್ಡ ಮಂಚ ಮಾಡಿಸಿದ, ಹದಿನೆಂಟು ಆನೆ ಕಟ್ಟಿ ಎಳೆಸಿದ..."

"ರಾಜನೂ ಇಲ್ಲ, ಆನೆಯೂ ಇಲ್ಲ. ಎತ್ತಿನ ಗಾಡಿ ಒಂದಿತ್ತು. ಕೈ ಸರಿಯಾಗಿ ಹಿಡ್ಕೊಳ್ಳಿ, ನೋಯುತ್ತೆ. ಹಾಂ, ಹಾಗೆ. ನಮ್ಮ ಮದುವೆಯಾಗಿ ಒಂದು ವಾರ ಆಗಿತ್ತು. ನೀವು ಬಡಗಿ ಹತ್ತಿರ ಹೋಗಿ ಮಂಚ ಮಾಡಿಸಿದ್ರಿ."

"ಮಾಡಿಸಿದೆ. ಅದಕ್ಕೇನೀಗ?"

"ಎಷ್ಟು ದೊಡ್ಡದು ಅಂತ ಬಡಗಿ ಕೇಳಿದ್ದಕ್ಕೆ ಏನಂದ್ರಿ?"

"ಏನಂದೆ?" ಕೀಲಣ್ಣನ ಬೆರಳುಗಳು ಅಭ್ಯಾಸಬಲದಿಂದ ಅವಳ ಮುಂಗೈಯನ್ನು ಇಷ್ಟಿಷ್ಟೇ ಹೊರಗೆ ತಿರುಗಿಸುತ್ತಿದ್ದವು.

"'ಇವತ್ತಿಗೆ ಇಬ್ಬರು, ಮುಂದೆ ಎಷ್ಟು ಜನವೋ, ಲೆಕ್ಕ ನೋಡಬೇಡ' ಅಂದ್ರಂತೆ. ಅವನೂ ನೋಡಲಿಲ್ಲ. ಆ ಮಂಚದ ಮೇಲೆ ನಾಲ್ಕು ಜನ ಓಡಿ ಹಿಡಿಯೋ ಆಟ ಆಡಬಹುದಿತ್ತು. ಗಾಡಿ ಬೀದಿಗೆ ಬಂತು. ಇಡೀ ಬೀದಿ ಹೊರಗೆ ಬಂತು. ಮಂಚ ಬಾಗಿಲ ಹತ್ತಿರ ಬಂತು..."

"ಬಡಗಿ ತಪ್ಪು ಅದು. ಚೌಕಟ್ಟು ನೋಡ್ಕೊಂಡು ಮಾಡಬೇಕಿತ್ತು."

"ಒಳಗೆ ಹೋಗಲಿಲ್ಲ. ಉದ್ದಕ್ಕೆ ಹಿಡಿದ್ರು, ಅಡ್ಡಕ್ಕೆ ಹಿಡಿದ್ರು, ತಲೆಕೆಳಗೆ ಮಾಡಿದ್ರು. ಆಗ ನೀವು ಏನು ಮಾಡಿದ್ರಿ? ಒಳಗಿಂದ ಒಂದು ಹುರಿ ತಂದು, ಎಲ್ಲರ ಎದುರಿಗೆ, ದೊಡ್ಡ ಇಂಜಿನಿಯರ್ ಥರ, ಬಾಗಿಲು ಅಳೆದ್ರಿ!"

ಗಡಿಯಾರದವನು ಬೆಂಚಿನ ಅಂಚಿಗೆ ಬಂದು ಕೂತ.

"ಅಳೆದೆ" ಎಂದ ಕೀಲಣ್ಣ, ಸ್ವಲ್ಪ ಮುನಿಸಿನಿಂದ. ಮುಂಗೈ ಇನ್ನೊಂದಿಷ್ಟು ತಿರುಗಿತು. "ನೆನಪಿದೆ ನನಗೆ. ಮಾರನೇ ದಿನ ನಾನು ಬೀದೀಲಿ ಹೊರಟರೆ ಎಲ್ಲರೂ ಆ ಗಾದೆ ಹೇಳಿ ನಕ್ಕರು. ಅವಮಾನ ಆಯ್ತು. ಆದ್ರೂ ಮನಸ್ಸಲ್ಲಿ, ಹಿರಿಯರು ಎಷ್ಟು ಸರಿಯಾಗಿ ಹೇಳಿದ್ದಾರೆ, ನನ್ನಂಥವರನ್ನ ಆಗಲೇ ಕಂಡಿದ್ರು ಅಂದ್ಕೊಂಡೆ."

"ಯಾವ ಹಿರಿಯರು?"

"ಹಿರಿಯರು ಅಂದ್ರೆ... ಹಿರಿಯರು. ಹಿಂದಿನವರು."

"ರೀ, ಆ ಹಿರಿಯರು ನಾನೇ!"

"ಆಂ?"

"ನನಗೆ ಆಗ ಹತ್ತೊಂಬತ್ತು. ಬೆಳಿಗ್ಗೆ ಎದ್ದು ನಲ್ಲಿ ಹತ್ತಿರ ಹೋದೆ. ನಿನ್ನ ಗಂಡ ಹೇಗೇ ಅಂತ ಹೆಂಗಸರು ಕೇಳಿದ್ರು. ಕೊಡ ಕೆಳಗಿಟ್ಟು ನಾನೇ ಅಂದಿದ್ದು, ಮಂಚ ಬಂದ ಮೇಲೆ ಬಾಗಿಲು ಅಳೆಯೋರು ಅಂತ. ನೀವು ಎದ್ದು ಹಲ್ಲುಜ್ಜೋದರೊಳಗೆ ಅದು ಊರೆಲ್ಲ ಸುತ್ತಿ ಬಂದಿತ್ತು!"

"ನೀನಾ?" ಎಂದು ಕೀಲಣ್ಣ ಕೂಗಿದ. "ಆ ಗಾದೆ... ನೀನಾ? ನಮ್ಮೂರಿಂದ ಆಚೆ, ಬಸ್ಸಲ್ಲಿ, ಯಾರೋ ಗುರುತಿಲ್ಲದವನು ನನಗೆ ಅದನ್ನ ಬುದ್ಧಿಮಾತು ಅಂತ ಹೇಳಿದ್ದ! ಹೌದು ಸ್ವಾಮಿ, ಹಿರಿಯರ ಮಾತು ಸುಳ್ಳಾಗಲ್ಲ ಅಂತ ನಾನೇ ತಲೆಯಾಡಿಸಿದ್ದೆ! ಅದು ನನ್ನ ಮೇಲೇ..."

ಲೊಟಕ್.

ಕೀಲಣ್ಣ ತನ್ನ ಕೈಗಳನ್ನು ನೋಡಿದ, ಅವು ಬೇರೆ ಯಾರದೋ ಎನ್ನುವ ಹಾಗೆ. ಹಳ್ಳ ಬಿದ್ದಿದ್ದ ಜಾಗದಲ್ಲಿ ಹೆಗಲು ದುಂಡಗೆ ಕೂತಿತ್ತು.

"ಬೆರಳು..." ಎಂದ.

ಅವಳು ಒಂದೊಂದೇ ಬೆರಳು ಮಡಚಿದಳು, ಬಿಡಿಸಿದಳು. ಮುಷ್ಟಿ ಕಟ್ಟಿದಳು. "ಕೂತಿತು" ಎಂದಳು. "ನೋವು ಇಳೀತಾ ಇದೆ. ಅಬ್ಬಾ, ಮಡಕೆ ಬಾಯಿಗೆ ಮುಚ್ಚಳ ಕೂತ ಹಾಗಾಯ್ತು."

ಕೀಲಣ್ಣ ನೆಲದ ಮೇಲೆ ಕೂತು, ಬೆಂಚಿನ ಅಂಚಿಗೆ ಹಣೆ ಹಚ್ಚಿ, ಮೊದಲು ನಕ್ಕ, ಆಮೇಲೆ ಅತ್ತ, ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿದ. ಅಷ್ಟು ಹೊತ್ತು ಹಿಡಿದಿಟ್ಟಿದ್ದ ಉಸಿರನ್ನು ಅವನು ಬಿಟ್ಟಾಗ ಇಸ್ತ್ರಿ ಅಂಗಡಿಯಲ್ಲಿ ನೇತುಹಾಕಿದ್ದ ಅಂಗಿಗಳೆಲ್ಲ ಅಲ್ಲಾಡಿದವು ಎಂದು ಗಡಿಯಾರದವನು ಆಮೇಲೆ ಊರೆಲ್ಲ ಹೇಳಿಕೊಂಡು ಬಂದ.

"ನಿನಗೆ ಭಯ ಆಗಲಿಲ್ವೇನೇ?" ಎಂದು ಕಣ್ಣೊರೆಸಿಕೊಂಡು ಕೇಳಿದ.

"ಭಯ ನನಗೆಲ್ಲಿತ್ತು? ನಿಮಗಿತ್ತು. ಕೈ ಹಾಗೆ ನಡುಗ್ತಿದ್ರೆ ನನ್ನ ಮೈ ಹೇಗೆ ಸಡಿಲ ಆಗುತ್ತೆ? ಮೊದಲು ನಿಮ್ಮನ್ನ ಮರೆಸಬೇಕಿತ್ತು. ಮಾತಿಗೆ ಎಳೆದೆ."

"ಹಾಗಾದ್ರೆ ಸುಳ್ಳಾ? ಗಾದೆ ನಿಂದಲ್ವಾ?"

"ನಿಜಾನೇ ರೀ. ಸುಳ್ಳು ಹೊಸೆಯೋಕೆ ನನಗೆಲ್ಲಿ ಬರುತ್ತೆ, ಅದು ನಿಮ್ಮ ಕಸುಬು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಮೊದಮೊದಲು ಬೈತೀರಿ ಅಂತ ಸುಮ್ಮನಿದ್ದೆ. ಆಮೇಲೆ ನೀವೇ ಅದನ್ನ ಎಲ್ಲರಿಗೂ ಎಷ್ಟು ಚೆನ್ನಾಗಿ ಹೇಳೋಕೆ ಶುರುಮಾಡಿದ್ರಿ ಅಂದ್ರೆ, ಕೆಡಿಸೋಕೆ ಮನಸ್ಸು ಬರಲಿಲ್ಲ."

ಗಡಿಯಾರದವನು ಕೈಯೆತ್ತಿದ, ತರಗತಿಯಲ್ಲಿ ಕೂತವನ ಹಾಗೆ. "ಅಕ್ಕಾ, ಮಂಚ ಏನಾಯ್ತು? ಇದನ್ನೂ ಅರ್ಧಕ್ಕೆ ಬಿಟ್ರೆ ನಾನು ಈ ಬೀದಿ ಬಿಟ್ಟು ಹೋಗ್ತೀನಿ."

"ಹೆಂಚು ಇಳಿಸಿದ್ವಿ" ಎಂದಳು ಇಸ್ತ್ರಿ ಅಕ್ಕ, ಎಡಗೈಯಲ್ಲಿ ನೀರಿನ ಲೋಟ ಹಿಡಿದು ಕುಡಿದು. "ಮಾಡು ಬಿಚ್ಚಿ, ಹಗ್ಗ ಕಟ್ಟಿ, ಮೇಲಿಂದ ಒಳಗೆ ಇಳಿಸಿದ್ವಿ. ಬೀದಿಯವರೆಲ್ಲ ಹಗ್ಗ ಹಿಡಿದ್ರು. ನಗ್ತಾ ಹಿಡಿದ್ರು, ಆದ್ರೂ ಹಿಡಿದ್ರು. ಅಂದಿನಿಂದ ಅದು ಅಲ್ಲೇ ಇದೆ. ಮನೆ ಮಾರಿದ್ರೆ ಮಂಚದ ಜೊತೆಗೇ ಮಾರಬೇಕು."

ಗಡಿಯಾರದವನು ತೃಪ್ತಿಯಿಂದ ಎದ್ದ. ಜೀವನದಲ್ಲಿ ಮೊದಲ ಸಲ ಅವನು ಒಂದು ಗಾದೆಯನ್ನು ಪೂರ್ತಿ ಹೊತ್ತುಕೊಂಡು ಮನೆಗೆ ಹೋದ.

ಕೀಲಣ್ಣ ಅವಳ ತೋಳನ್ನು ಎದೆಗೆ ಸೇರಿಸಿ ಪಟ್ಟಿ ಕಟ್ಟಿದ. ಊದಿಕೊಂಡರೆ, ಬೆರಳು ಜೋಮು ಹಿಡಿದರೆ ಕೂಡಲೇ ಆಸ್ಪತ್ರೆಗೆ ಎಂದು, ಊರವರಿಗೆ ಹೇಳುವ ಮಾತನ್ನೇ ಅವಳಿಗೂ ಹೇಳಿದ. ಅವಳನ್ನು ಒಳಕೋಣೆಗೆ ನಡೆಸಿಕೊಂಡು ಹೋಗಿ ಆ ದೊಡ್ಡ ಮಂಚದ ಮೇಲೆ ಮಲಗಿಸಿದ. ಕೋಣೆಯಲ್ಲಿ ಮಂಚ ಬಿಟ್ಟರೆ ನಿಲ್ಲಲು ಜಾಗ ಅಷ್ಟಕ್ಕಷ್ಟೆ. ಅವನೂ ಒಂದು ಮೂಲೆಯಲ್ಲಿ ಕಾಲು ಮಡಚಿ ಕೂತ.

"ನೋವಿದೆಯಾ?"

"ಇಲ್ಲ."

"ಈಗ?"

"ಇಲ್ಲ ರೀ."

"ಸ್ವಲ್ಪಾನೂ?"

"ಇನ್ನೊಂದು ಸಲ ಕೇಳಿದ್ರೆ ಬರುತ್ತೆ. ಹೋಗಿ, ಅಂಗಡಿ ನೋಡಿ. ಯಾರಾದ್ರೂ ಬಂದ್ರೆ ಇಸ್ತ್ರಿ ಇನ್ನು ಮೂರು ವಾರ ಇಲ್ಲ ಅನ್ನಿ. ನೀವೇನಾದ್ರೂ ಪೆಟ್ಟಿಗೆ ಮುಟ್ಟಿ ಯಾರ ಅಂಗೀನಾದ್ರೂ ಸುಟ್ರೆ..." ಮಾತು ಮುಗಿಯುವ ಮೊದಲೇ ಅವಳಿಗೆ ನಿದ್ದೆ ಬಂತು.

ಕೀಲಣ್ಣ ಏಳಲಿಲ್ಲ. ಪಟ್ಟಿಯ ಹೊರಗೆ ಅವಳ ಬಲಗೈಯ ಬೆರಳುಗಳು ಕಾಣುತ್ತಿದ್ದವು. ಸ್ವಲ್ಪ ಹೊತ್ತಾದ ಮೇಲೆ ಅವು ನಿದ್ದೆಯಲ್ಲೇ ಅಲುಗಿದವು. ಯಾರದೋ ಅಂಗಿಯ ಕಾಲರಿನ ಸುಕ್ಕನ್ನು ನೀವುತ್ತಿರುವ ಹಾಗೆ ಮುಂದೆ ಹೋದವು, ಹಿಂದೆ ಬಂದವು. ಅವನು ಅದನ್ನು ಕಣ್ತುಂಬ ನೋಡಿದ. ಮುಂದಿನ ಕೋಣೆಯಲ್ಲಿ ಯಾರೋ ಬಾಗಿಲು ಬಡಿದು, "ಅಕ್ಕಾ, ನನ್ನ ಪ್ಯಾಂಟು ಆಯ್ತಾ?" ಎಂದು ಕೂಗಿದರು. ಕೀಲಣ್ಣ ಬೆಕ್ಕಿನ ಹೆಜ್ಜೆಯಲ್ಲಿ ಹೊರಗೆ ಹೋಗಿ, ತುಟಿಯ ಮೇಲೆ ಬೆರಳಿಟ್ಟು, ಮುಖ ತುಂಬ ನಗುತ್ತ, "ಆಗಿಲ್ಲ" ಎಂದ.

ಪ್ಯಾಂಟು ಆಗಿಲ್ಲವೆಂದು ಅಷ್ಟು ಸಂತೋಷದಿಂದ ಹೇಳಿದವರನ್ನು ಆ ಗಿರಾಕಿ ಅದುವರೆಗೆ ಕಂಡಿರಲಿಲ್ಲ.